ಯಂತ್ರ ನಿಂತ ಮೇಲೆ

2015ನೆಯ ಇಸವಿ ಮಾರ್ಚ್ 5. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಮೋನಿಕಾ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನವೊಂದು ಮೇಲೇರಿತು. ಅದು 1942ರಲ್ಲಿ ತಯಾರಾದ ರಯಾನ್ ತರಬೇತಿ ವಿಮಾನ. ಅದಕ್ಕೆ ಇದ್ದುದು ಒಂದೇ ಯಂತ್ರ. ನಡೆಸುತ್ತಿದ್ದವರು ಹೆಸರಾಂತ ಚಲನಚಿತ್ರ ನಟ ಹ್ಯಾರಿಸನ್ ಫೋರ್ಡ್. ಅವರು ಹುಟ್ಟಿದ್ದೂ 1942ರಲ್ಲಿಯೇ. ಹೀಗಾಗಿ ವಿಮಾನಕ್ಕೂ ಚಾಲಕರಿಗೂ ಒಂದೇ ಪ್ರಾಯ. ಏರಿದ ಸ್ವಲ್ಪ ಹೊತ್ತಿಗೆಲ್ಲ ಯಂತ್ರದ ಶಕ್ತಿ ಉಡುಗಿತು. ಯಂತ್ರ ಕೆಟ್ಟಿದೆ, ಕೂಡಲೇ ಹಿಂದಿರುಗುತ್ತೇನೆ ಎಂದು ನಿಲ್ದಾಣದ ನಿಯಂತ್ರಣ ಗೋಪುರಕ್ಕೆ ತಿಳಿಸಿ ಫೋರ್ಡ್ ವಿಮಾನವನ್ನು ತಿರುಗಿಸಿದರು. ಆದರೆ ಓಡುದಾರಿಯನ್ನು ಮುಟ್ಟುವಷ್ಟು ಎತ್ತರ ಉಳಿದಿರಲಿಲ್ಲ. ಸುತ್ತಲೂ ಮನೆಗಳು, ಬೀದಿಗಳು. ಅವುಗಳ ನಡುವೆ ಹಸುರಾದ ಗಾಲ್ಫ್ ಮೈದಾನ. ವಿಮಾನ ಒಂದು ಮರದ ತುದಿಗೆ ತಗುಲಿ ಆ ಮೈದಾನದ ಮೇಲೆ ಬಿದ್ದಿತು. ಆಡುತ್ತಿದ್ದವರು ಓಡಿಬಂದರು. ಅವರಲ್ಲಿ ಒಬ್ಬ ವೈದ್ಯರೂ ಇದ್ದರು. ಫೋರ್ಡ್ ಅವರ ತಲೆಗೆ ಪೆಟ್ಟಾಗಿತ್ತು, ಸೊಂಟದ ಮತ್ತು ಕಾಲಿನ ಮೂಳೆಗಳು ಮುರಿದಿದ್ದವು. ಜೀವ ಮಾತ್ರ ಉಳಿದಿತ್ತು.

ಇಂಥ ಸುದ್ದಿಯನ್ನು ಕೇಳಿದವರು ಸಾಮಾನ್ಯವಾಗಿ ಆಡುವ ಮಾತೊಂದಿದೆ: "ಆಯುಸ್ಸು ಗಟ್ಟಿಯಾಗಿತ್ತು, ಬದುಕಿದ." ಇದು ಸಮಾಧಾನದ ಮಾತೇ ಹೊರತು ವಿವರಣೆಯಲ್ಲ. ಯಂತ್ರ ನಿಂತ ವಿಮಾನದಲ್ಲಿ ಒಬ್ಬನು ಏಕೆ ಬದುಕುತ್ತಾನೆ, ಇನ್ನೊಬ್ಬನು ಏಕೆ ಸಾಯುತ್ತಾನೆ ಎಂಬ ಪ್ರಶ್ನೆಗೆ ಇಂದು ಬಹುಮಟ್ಟಿಗೆ ಉತ್ತರ ದೊರೆತಿದೆ.

ಯಂತ್ರ ನಿಂತೊಡನೆ ವಿಮಾನವು ಕಲ್ಲಿನಂತೆ ಕೆಳಗೆ ಬೀಳುವುದೆಂಬ ನಂಬಿಕೆ ತಪ್ಪು. ವಿಮಾನವನ್ನು ಎತ್ತಿ ಹಿಡಿಯುವುದು ಯಂತ್ರವಲ್ಲ, ರೆಕ್ಕೆ. ರೆಕ್ಕೆಯ ಮೇಲೆ ಕೆಳಗೆ ಗಾಳಿ ವೇಗವಾಗಿ ಹರಿಯುತ್ತಿರುವಷ್ಟು ಕಾಲವೂ ಅದು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಸೈಕಲ್ಲು ತುಳಿಯದೆಯೂ ಓಡುವಂತೆ, ಯಂತ್ರವಿಲ್ಲದ ವಿಮಾನವು ಮೂತಿಯನ್ನು ಕೊಂಚ ತಗ್ಗಿಸಿ, ಎತ್ತರವನ್ನು ವೆಚ್ಚಮಾಡಿ ವೇಗವನ್ನು ಗಳಿಸಿಕೊಳ್ಳುತ್ತದೆ. ಸೆಸ್ನಾ 172 ಎಂಬುದು ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಲಘು ವಿಮಾನ. ಅದು ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ತೇಲುತ್ತಾ, ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಮೀಟರ್ ಮುಂದೆ ಸಾಗಬಲ್ಲದು. ಎಂದರೆ ಸಾವಿರ ಮೀಟರ್ ಎತ್ತರದಲ್ಲಿ ಯಂತ್ರ ನಿಂತರೆ ಚಾಲಕನ ಕೈಯಲ್ಲಿ ಒಂಬತ್ತು ಕಿಲೋಮೀಟರ್ ದೂರವೂ ನಾಲ್ಕು ನಿಮಿಷಗಳಿಗೆ ಮೀರಿದ ಕಾಲವೂ ಇವೆಯೆಂದಾಯಿತು. ಗಾಬರಿಗೆ ಅದು ಅಲ್ಪಕಾಲ, ಕೆಲಸಕ್ಕೆ ಸಾಕಷ್ಟು.

ಅಪಾಯ ಬರುವುದು ಬಹುಪಾಲು ಚಾಲಕನ ಕೈಯಿಂದಲೇ. ನೆಲ ಮೇಲೇರಿ ಬರುತ್ತಿರುವಂತೆ ಕಂಡಾಗ ಮನುಷ್ಯನ ಸಹಜ ಪ್ರವೃತ್ತಿ ಮೂತಿಯನ್ನು ಮೇಲಕ್ಕೆಳೆಯುವುದು. ಹಾಗೆ ಎಳೆದರೆ ವೇಗ ಕುಗ್ಗುತ್ತದೆ. ಗಾಳಿಯು ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯದೆ ಬಿಟ್ಟು ಚದರುತ್ತದೆ. ರೆಕ್ಕೆ ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ವಿಮಾನ ನಿಜವಾಗಿ ಬೀಳತೊಡಗುವುದು ಆಗ. ವೈಮಾನಿಕರು ಇದನ್ನು ಸ್ಟಾಲ್ ಎನ್ನುತ್ತಾರೆ. ಮೇಲೇರಿದ ಕೂಡಲೇ ಯಂತ್ರ ನಿಂತಾಗ ಹಿಂದಿನ ಓಡುದಾರಿಗೆ ತಿರುಗುವ ಆಸೆಯಂತೂ ಇನ್ನೂ ಕೆಟ್ಟದ್ದು. ತಿರುವಿನಲ್ಲಿ ಎತ್ತರ ಬೇಗ ಕರಗುತ್ತದೆ, ಸ್ಟಾಲ್ ಆಗುವ ವೇಗದ ಮಿತಿಯೂ ಏರುತ್ತದೆ. ಹಿಂದೆ ಕಾಣುವ ಸಪಾಟಾದ ಓಡುದಾರಿಗಿಂತ ಮುಂದಿರುವ ಉಳುಮೆಯ ಹೊಲವೇ ಮೇಲೆಂದು ಹಾರಾಟದ ಶಾಲೆಗಳು ಹೊಸಬರಿಗೆ ಮತ್ತೆ ಮತ್ತೆ ಹೇಳುವುದುಂಟು. ಫೋರ್ಡ್ ಹಿಂದಿರುಗಲು ಹೊರಟರು, ನಿಜ. ಆದರೆ ಓಡುದಾರಿ ಎಟುಕದೆಂದು ಕಂಡಾಗ ಮೂತಿಯೆತ್ತಿ ಅದನ್ನು ಹಿಡಿಯಲು ಹೋಗದೆ, ಎದುರಿಗೆ ಸಿಕ್ಕಿದ ಬಯಲನ್ನು ಒಪ್ಪಿಕೊಂಡರು.

ಬಯಲು ಸಿಕ್ಕಿದ ಮೇಲೂ ವಿಮಾನವನ್ನು ಉಳಿಸುವ ಮೋಹ ಚಾಲಕನನ್ನು ಬಿಡುವುದಿಲ್ಲ. ರೆಕ್ಕೆ ಮುರಿಯಬಾರದು, ಗಾಲಿ ಕಳಚಬಾರದು ಎಂಬ ಚಿಂತೆ ಅವನಿಗೆ. ವಾಸ್ತವವಾಗಿ ಆ ಹೊತ್ತಿನಲ್ಲಿ ರೆಕ್ಕೆ, ಗಾಲಿಗಳು ಮುರಿಯುವುದೇ ಒಳಿತು. ಒಳಗೆ ಕುಳಿತವನಿಗೆ ಬರಬೇಕಾದ ಪೆಟ್ಟನ್ನು ಅವು ತಿನ್ನುತ್ತವೆ. ಇದು ಹೇಗೆಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಇಳಿಯುವ ವಿಮಾನಕ್ಕೆ 20 ಕಿಲೋಮೀಟರ್ ವೇಗದ ಎದುರುಗಾಳಿಯಿದ್ದರೆ ಅದು ನೆಲವನ್ನು ಮುಟ್ಟುವ ವೇಗ 70. ಅದೇ ಗಾಳಿ ಬೆನ್ನಿಗಿದ್ದರೆ 110. ವೇಗದಲ್ಲಿ ವ್ಯತ್ಯಾಸ 40 ಮಾತ್ರ. ಆದರೆ ಶಕ್ತಿ ಸುಮಾರು ಎರಡೂವರೆ ಪಟ್ಟಾಗುತ್ತದೆ. ಚಾಲಕನು ಕೆಳಗಿನ ಹೊಗೆಯನ್ನೂ ಕೆರೆಯ ಅಲೆಗಳನ್ನೂ ನೋಡಿ ಗಾಳಿಯ ದಿಕ್ಕನ್ನು ಅರಿಯಲೆಳಸುವುದು ಇದಕ್ಕಾಗಿಯೇ.

ವೇಗದಷ್ಟೇ ಮುಖ್ಯವಾದುದು ನಿಲ್ಲುವ ದೂರ. ಗಂಟೆಗೆ 90 ಕಿಲೋಮೀಟರ್ ವೇಗದ ವಿಮಾನ ಹತ್ತು ಮೀಟರ್ ಉಜ್ಜಿಕೊಂಡು ಹೋಗಿ ಒಂದೇ ಸಮನಾಗಿ ನಿಂತರೆ ಒಳಗಿನವನ ಮೇಲೆ ಬೀಳುವ ಬಲ ಅವನ ತೂಕದ ಸುಮಾರು ಮೂರು ಪಟ್ಟು. ಬಂಡೆಗೆ ಬಡಿದು ಒಂದೇ ಮೀಟರಿನಲ್ಲಿ ನಿಂತರೆ ಅದು ಮೂವತ್ತು ಪಟ್ಟಿಗೂ ಹೆಚ್ಚು. ಕ್ರಿಕೆಟ್ ಚೆಂಡನ್ನು ಹಿಡಿಯುವ ಹುಡುಗ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುವುದು, ತೆಂಗಿನ ಮರದಿಂದ ಜಾರಿದವನು ಹುಲ್ಲಿನ ಬಣವೆಯ ಮೇಲೆ ಬಿದ್ದರೆ ಬದುಕಿಕೊಳ್ಳುವುದು ಇವೆಲ್ಲ ಇದೇ ನಿಯಮದ ಉದಾಹರಣೆಗಳು. ಪೊದೆ, ಎಳೆಯ ಮರಗಳ ತೋಪು, ಬೆಳೆದು ನಿಂತ ಪೈರು, ಬಾಗಿ ಮುರಿಯುವ ರೆಕ್ಕೆ: ಇವು ಕೊಡುವ ಒಂದೊಂದು ಗೇಣು ದೂರವೂ ಜೀವಕ್ಕೆ ಬೆಲೆಯುಳ್ಳದ್ದು.

ಈ ವಿಚಾರವನ್ನು ಹಟ ಹಿಡಿದು ಅಭ್ಯಾಸಮಾಡಿದವರು ಹ್ಯೂ ಡಿಹೇವನ್ ಎಂಬ ಅಮೆರಿಕನರು. 1917ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಅವರು ಟೆಕ್ಸಾಸಿನಲ್ಲಿ ರಾಯಲ್ ಫ್ಲೈಯಿಂಗ್ ಕೋರ್‌ನ ಹಾರಾಟದ ವಿದ್ಯಾರ್ಥಿ. ಒಂದು ದಿನ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದುಕೊಂಡು ಬಿದ್ದವು. ಬದುಕಿದವರು ಡಿಹೇವನ್ ಒಬ್ಬರೇ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಎಲ್ಲರೂ ಅವರ ಅದೃಷ್ಟವನ್ನು ಹೊಗಳಿದರು. ಅವರಿಗೆ ಆ ಹೊಗಳಿಕೆ ರುಚಿಸಲಿಲ್ಲ. ತಾವು ಕುಳಿತಿದ್ದ ಗೂಡು ಮುರಿಯದೆ ಉಳಿದಿದ್ದರಿಂದ ಜೀವ ಉಳಿಯಿತು. ಯಕೃತ್ತಿನಂಥ ಒಳ ಅಂಗಗಳನ್ನು ಹರಿದುದು ನೆಲವಲ್ಲ, ತಮ್ಮನ್ನು ಕಾಯಬೇಕಾಗಿದ್ದ ಸೊಂಟಪಟ್ಟಿಯ ಚೂಪಾದ ಕೊಂಡಿ ಎಂಬುದನ್ನು ಅವರು ಗುರುತಿಸಿದರು. ಹಾಗಾದರೆ ಕೊಂಡಿಯ ಆಕಾರವನ್ನು ಬದಲಿಸಿದ್ದರೆ? ಈ ಪ್ರಶ್ನೆಗೆ ಆಗ ಕಿವಿಗೊಟ್ಟವರು ಯಾರೂ ಇರಲಿಲ್ಲ. ವಿಮಾನ ಬೀಳದಂತೆ ನೋಡಿಕೊಳ್ಳಬೇಕು, ಬಿದ್ದ ಮೇಲೆ ಮಾಡುವುದೇನಿದೆ ಎಂಬುದು ಅಂದಿನ ಸಾಮಾನ್ಯ ಅಭಿಪ್ರಾಯವಾಗಿತ್ತು.

ಡಿಹೇವನ್ ಬಿಡಲಿಲ್ಲ. ತಮ್ಮ ಅಡುಗೆಮನೆಯಲ್ಲಿ ಮೆತ್ತನೆಯ ರಬ್ಬರಿನ ಹಾಸನ್ನಿಟ್ಟು, ಮೇಲಿನಿಂದ ಅದರ ಮೇಲೆ ಕೋಳಿಮೊಟ್ಟೆಗಳನ್ನು ಬೀಳಿಸಿ, ಎಷ್ಟು ದಪ್ಪದ ಹಾಸಿನ ಮೇಲೆ ಮೊಟ್ಟೆ ಒಡೆಯುವುದಿಲ್ಲವೆಂದು ಪರೀಕ್ಷಿಸಿದರು. ಎತ್ತರದ ಕಟ್ಟಡಗಳಿಂದ ಬಿದ್ದೂ ಬದುಕಿದ ಜನರನ್ನು ಕುರಿತು ವಿವರಗಳನ್ನು ಕಲೆಹಾಕಿದರು. 50ರಿಂದ 150 ಅಡಿಗಳವರೆಗಿನ ಎತ್ತರದಿಂದ ಬಿದ್ದು ಉಳಿದ ಎಂಟು ಮಂದಿಯನ್ನು ಕುರಿತ ಅವರ ಲೇಖನ 1942ರಲ್ಲಿ ಪ್ರಕಟವಾಯಿತು. ಹದಿನೇಳನೆಯ ಅಂತಸ್ತಿನಿಂದ ಬಿದ್ದ ಹೆಂಗಸೊಬ್ಬಳು ಲೋಹದ ತಗಡಿನ ಗಾಳಿಗೂಡೊಂದರ ಮೇಲೆ ಬಿದ್ದಿದ್ದಳು. ಆ ಗೂಡು ಜಜ್ಜಿ ಒಂದು ಅಡಿ ಇಲ್ಲವೇ ಅದಕ್ಕೂ ಹೆಚ್ಚು ಕುಸಿದಿತ್ತು. ಆ ಒಂದು ಅಡಿಯೇ ಅವಳ ಜೀವ. ಮತ್ತೊಬ್ಬರನ್ನು ಉಳಿಸಿದ್ದು ತೋಟದ ಸಡಿಲ ಮಣ್ಣು. ಪೆಟ್ಟು ದೇಹದ ಅಗಲವಾದ ಭಾಗದ ಮೇಲೆ ಹಂಚಿಹೋಗಿ, ನಿಲ್ಲಲು ಒಂದಿಷ್ಟು ದೂರ ದೊರೆತರೆ ಮನುಷ್ಯದೇಹವು ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ಹೆಚ್ಚಿನ ಬಲವನ್ನು ತಾಳಬಲ್ಲದೆಂದು ಅವರು ತೋರಿಸಿದರು. ಅದೇ ವರ್ಷ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ವಿಮಾನಾಪಘಾತಗಳ ಗಾಯಗಳನ್ನು ಅಭ್ಯಸಿಸುವ ವಿಭಾಗವನ್ನು ಅವರು ಆರಂಭಿಸಿದರು.

ದೇಹದ ತಾಳ್ಮೆಗೆ ಮಿತಿಯೆಷ್ಟು ಎಂಬುದನ್ನು ಜಾನ್ ಸ್ಟ್ಯಾಪ್ ಎಂಬ ಸೈನ್ಯದ ವೈದ್ಯರು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡರು. 1954ರ ಡಿಸೆಂಬರ್ 10ರಂದು, ಹಳಿಗಳ ಮೇಲೆ ರಾಕೆಟ್ಟಿನ ಬಲದಿಂದ ಓಡುವ ಬಂಡಿಯೊಂದಕ್ಕೆ ಪಟ್ಟಿಗಳಿಂದ ತಮ್ಮನ್ನು ಬಿಗಿಸಿಕೊಂಡು, ಗಂಟೆಗೆ 1,017 ಕಿಲೋಮೀಟರ್ ವೇಗವನ್ನು ಮುಟ್ಟಿ, ಒಂದೂವರೆ ಸೆಕೆಂಡಿಗೂ ಕಡಿಮೆ ಕಾಲದಲ್ಲಿ ನಿಂತರು. ಅವರ ಮೇಲೆ ಬಿದ್ದ ಬಲ ದೇಹತೂಕದ 46 ಪಟ್ಟು. ಕಣ್ಣುಗಳಲ್ಲಿ ರಕ್ತ ತುಂಬಿ ಸ್ವಲ್ಪ ಕಾಲ ದೃಷ್ಟಿ ಮಸುಕಾಯಿತಾದರೂ ಅವರು ಚೇತರಿಸಿಕೊಂಡು 1999ರವರೆಗೆ ಬಾಳಿದರು. ಪಟ್ಟಿ ಗಟ್ಟಿಯಾಗಿದ್ದುದರಿಂದಲೇ ಅದು ಸಾಧ್ಯವಾಯಿತು. ಸೊಂಟಕ್ಕೆ ಮಾತ್ರ ಪಟ್ಟಿ ಕಟ್ಟಿಕೊಂಡವನ ಮೇಲ್ಭಾಗ ಮುಂದಕ್ಕೆ ಬಾಗಿ, ತಲೆ ಎದುರಿನ ಹಲಗೆಗೆ ಬಡಿಯುತ್ತದೆ. ಭುಜಪಟ್ಟಿ ಬೇಕೆಂಬುದು ಅದಕ್ಕಾಗಿ.

ಈ ಮಾತಿನ ಬೆಲೆ ಫೋರ್ಡ್ ಅವರ ವಿಮಾನದಲ್ಲಿಯೂ ಕಂಡುಬಂದಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ಅವಶೇಷಗಳನ್ನು ಬಿಚ್ಚಿ ನೋಡಿತು. ಕಾರ್ಬ್ಯುರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತಿರುಪೊಂದು ಸಡಿಲಗೊಂಡು ತನ್ನ ಸ್ಥಾನದಿಂದ ಕಳಚಿತ್ತು. ಗಾಳಿಯೊಡನೆ ಪೆಟ್ರೋಲು ಮಿತಿಮೀರಿ ಸೇರಿ ಯಂತ್ರದ ಶಕ್ತಿ ಕುಂದಿತ್ತು. ಆಸನದ ಭುಜಪಟ್ಟಿಯನ್ನು ಆಸನದ ಹಿಂಬದಿಯ ತೆಳುವಾದ ಲೋಹಕ್ಕೆ ಸಾಕಷ್ಟು ಬಲವಿಲ್ಲದಂತೆ ಜೋಡಿಸಲಾಗಿತ್ತು. ಬಿದ್ದಾಗ ಅದು ಕಿತ್ತುಬಂದಿತ್ತು. ಗಾಯಗಳು ಅಷ್ಟು ತೀವ್ರವಾಗಲು ಅದೂ ಕಾರಣವೆಂದು ಮಂಡಲಿ ದಾಖಲಿಸಿತು.

ಈಚಿನ ಕೆಲವು ಲಘು ವಿಮಾನಗಳಲ್ಲಿ ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಚೂಟು ಇರುತ್ತದೆ. ಸಿರಸ್ ವಿಮಾನವೊಂದರ ಚಾಲಕರು 2002ರಲ್ಲಿ ಅದರಿಂದ ಬದುಕಿದರು. ಆದರೆ ಅದು ಬಿಚ್ಚಿಕೊಳ್ಳಲು ಒಂದಿಷ್ಟು ಎತ್ತರ ಬೇಕು.

ವಿಮಾನ ನಿಂತಿತೆಂದರೆ ಗಂಡಾಂತರ ಮುಗಿಯಿತೆಂದಲ್ಲ. ಮೊದಲ ಭಯ ಬೆಂಕಿಯದು. ಆದುದರಿಂದ ನೆಲ ಮುಟ್ಟುವ ಮುನ್ನವೇ ಪೆಟ್ರೋಲು ಮತ್ತು ವಿದ್ಯುತ್ತನ್ನು ನಿಲ್ಲಿಸಿ, ಬಾಗಿಲನ್ನು ತುಸು ತೆರೆದಿಡುತ್ತಾರೆ. ಚೌಕಟ್ಟು ನೆಗ್ಗಿದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ. ಕಾಡಿನಲ್ಲಿಯೋ ಮಂಜುಗಡ್ಡೆಯಲ್ಲಿಯೋ ಬಿದ್ದವರಿಗೆ ಮತ್ತೊಂದು ಪರೀಕ್ಷೆ ಕಾದಿರುತ್ತದೆ. ದಾರಿ ಹುಡುಕುತ್ತಾ ಹೊರಟುಬಿಡುವ ತವಕ ಸಹಜವೇ ಆದರೂ, ಬೆಂಕಿಯ ಭಯ ಕಳೆದ ಮೇಲೆ ವಿಮಾನದ ಹತ್ತಿರವೇ ಉಳಿಯುವುದು ಲೇಸು. ನಡೆದು ಹೋಗುವ ಮನುಷ್ಯನಿಗಿಂತ ಮುರಿದ ರೆಕ್ಕೆ ಆಕಾಶದಿಂದ ಬೇಗ ಕಾಣುತ್ತದೆ. ಇದಲ್ಲದೆ ವಿಮಾನದಲ್ಲಿ, ಪೆಟ್ಟು ಬಿದ್ದೊಡನೆ ತಾನಾಗಿಯೇ ರೇಡಿಯೋ ಸಂಕೇತವನ್ನು ಕಳುಹಿಸುವ ಪೆಟ್ಟಿಗೆಯೊಂದು ಇರುತ್ತದೆ. 1982ರ ಸೆಪ್ಟೆಂಬರ್ 10ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿದ್ದಿದ್ದ ಸಣ್ಣ ವಿಮಾನವೊಂದರ ಸಂಕೇತವನ್ನು ಸೋವಿಯತ್ ಉಪಗ್ರಹವೊಂದು ಹಿಡಿಯಿತು, ಮೂವರು ಬದುಕಿದರು. ಉಪಗ್ರಹದ ನೆರವಿನಿಂದ ಜನರನ್ನು ಕಾಪಾಡಿದ ಮೊದಲ ಪ್ರಸಂಗವದು. ಆ ಕಾಲದ ಪೆಟ್ಟಿಗೆಗಳು ಬರಿಯ ಕೂಗನ್ನು ಕಳುಹಿಸುತ್ತಿದ್ದವು. 406 ಮೆಗಾಹರ್ಟ್ಸ್ ತರಂಗದಲ್ಲಿ ನುಡಿಯುವ ಇಂದಿನ ಪೆಟ್ಟಿಗೆ ತಾನು ಯಾವ ವಿಮಾನಕ್ಕೆ ಸೇರಿದ್ದೆಂಬುದನ್ನೂ ತಿಳಿಸುತ್ತದೆ. ಭಾರತದ ಪಾಲಿನ ಸಂಕೇತಗಳನ್ನು ಗ್ರಹಿಸಿ, ರಕ್ಷಣಾ ಪಡೆಗಳಿಗೆ ಸುದ್ದಿ ಮುಟ್ಟಿಸುವ ಕೇಂದ್ರವಿರುವುದು ಬೆಂಗಳೂರಿನಲ್ಲಿ, ಇಸ್ರೋ ಸಂಸ್ಥೆಯ ಆಶ್ರಯದಲ್ಲಿ. ಅಲ್ಲಿ ಹಗಲೂ ರಾತ್ರಿ ಸಂಕೇತಗಳಿಗಾಗಿ ಕಾದಿರುತ್ತಾರೆ.