ಅಲಾರಾಂ ಇಟ್ಟಿದ್ದೆ, ಐದೂವರೆ ತಾಸು ತಪ್ಪಿತು

ಧಾರವಾಡ ಆಕಾಶವಾಣಿ 1950ರಿಂದ ಮಾತಾಡ್ತಾ ಇದೆ. 765 ಕಿಲೋಹರ್ಟ್ಸ್‌ನ ಆ ದನಿ ಇಲ್ಲದೆ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಬೆಳಗಾಗುವುದಿಲ್ಲ. ಹೋದ ವರ್ಷ ಅವ್ವನ ವಚನ ಗಾಯನದ ಬಳಗ ಅಲ್ಲಿ ಹಾಡಿ ಬಂತು. ಪ್ರಸಾರ ಬೆಳಗ್ಗೆ 6.30ಕ್ಕೆ. ಅವತ್ತೇ ಗದಗದಲ್ಲಿ ಮದುವೆ. ನಾನು ಆಫೀಸಿನ ಕೆಲಸಕ್ಕೆ ಬೆಂಗಳೂರಿನಲ್ಲಿ. “ನಿನ್ನ ಮಷೀನ್ ಐತಲ್ಲ ತಮ್ಮಾ, ಅದು ಹಿಡಿದಿಡ್ತೈತಿ” ಅಂದು ಅವ್ವ ಹಿಂದಿನ ದಿನವೇ ಬಸ್ ಹತ್ತಿದ್ದಳು.

ಮಷೀನ್ ಅಂದರೆ ಲಿನಕ್ಸ್ ಹಾಕಿದ ಹಳೇ ಡೆಸ್ಕ್‌ಟಾಪ್. ರೇಡಿಯೋದ ಇಯರ್‌ಫೋನ್ ತೂತಿನಿಂದ ಅದರ ಲೈನ್-ಇನ್‌ಗೆ ಒಂದು ವೈರ್. ಕಂಪ್ಯೂಟರ್ ಪಕ್ಕದಲ್ಲೇ ಇಟ್ಟರೆ ಮೀಡಿಯಂ ವೇವ್ ಗೊರಗೊರ ಅನ್ನುತ್ತೆ, ಹಾಗಾಗಿ ರೇಡಿಯೋ ಕಿಟಕಿಯಲ್ಲಿ. ಇಡೀ ದಿನ ಆನ್ ಇಟ್ಟರೆ 60 ವ್ಯಾಟ್‌ನಂತೆ ತಿಂಗಳಿಗೆ ಸುಮಾರು 43 ಯೂನಿಟ್. ಮಲಗಿಸಿದರೆ ಎರಡು-ಮೂರು ವ್ಯಾಟ್ ಸಾಕು.

ಎಬ್ಬಿಸೋದು ಯಾರು? ಮದರ್‌ಬೋರ್ಡ್‌ನಲ್ಲಿ ಬಿಲ್ಲೆ ಸೆಲ್ ಮೇಲೆ ನಡೆಯುವ ಒಂದು ಪುಟ್ಟ ಗಡಿಯಾರ ಇರುತ್ತೆ. ಅದಕ್ಕೂ ಅಲಾರಾಂ ಉಂಟು. ‘ಆರ್‌ಟಿಸಿವೇಕ್’ ಎಂಬ ಕಮಾಂಡ್‌ನಿಂದ ಎರಡು ನಿಮಿಷ ಮಲಗಿಸಿ ನೋಡಿದೆ, ಎದ್ದಿತು. ಆಮೇಲೆ ದಿನಾ ಏಳಲಿ ಅಂತ ಬಯೋಸ್‌ಗೆ ಹೋಗಿ 6.20 ಅಂತ ತುಂಬಿ, ಮಷೀನ್ ಬಂದ್ ಮಾಡಿ ಬೆಂಗಳೂರಿಗೆ ಹೋದೆ.

ವಾಪಸ್ ಬಂದು ನೋಡಿದರೆ ಫೈಲ್ ಶುರುವಾದದ್ದು 11.50ಕ್ಕೆ. ಒಳಗೆ ಯಾವುದೋ ಬೇರೆ ಕಾರ್ಯಕ್ರಮ.

ತಪ್ಪು ನನ್ನದೇ. ಲಿನಕ್ಸ್ ಆ ಪುಟ್ಟ ಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿ ಇಡುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ನಾನು ತುಂಬಬೇಕಿದ್ದದ್ದು 00.50. ದಿನಾ ಕೋಡ್‌ನಲ್ಲಿ ಟೈಮ್‌ಝೋನ್ ಬಗ್ಗೆ ಬೇರೆಯವರಿಗೆ ಬುದ್ಧಿ ಹೇಳುವವ ನಾನು!

ಈಗ ಬಯೋಸ್ ಅಲಾರಾಂ ತೆಗೆದಿದ್ದೇನೆ. ರೆಕಾರ್ಡಿಂಗ್ ಮುಗಿದ ಕೂಡಲೇ ಸ್ಕ್ರಿಪ್ಟ್ ತಾನೇ ‘ನಾಳೆ 6.20’ ಲೆಕ್ಕ ಹಾಕಿ ಆರ್‌ಟಿಸಿವೇಕ್‌ಗೆ ಕೊಟ್ಟು ಮಲಗುತ್ತೆ. ಮಲಗಿದ್ದಾಗ ಕರೆಂಟ್ ಹೋದರೆ ಅಲಾರಾಂ ನಂಬುವಂತಿಲ್ಲ. ಅದಕ್ಕೇ ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವಂತೆ ಬಯೋಸ್‌ನಲ್ಲಿ ಹೇಳಿ, ಅದೇ ಸ್ಕ್ರಿಪ್ಟ್ ಮತ್ತೆ ಶುರುವಾಗುವ ಹಾಗೆ ಮಾಡಿದ್ದೇನೆ. ನೀವು ಮಾಡುವುದಾದರೆ ಎರಡು ನಿಮಿಷದ ಪರೀಕ್ಷೆ ನಂಬಬೇಡಿ. ಒಂದು ಪೂರ್ತಿ ರಾತ್ರಿ ಬಿಟ್ಟು ನೋಡಿ.

ವಿಷಯ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹೋಗ್ಲಿ ಬಿಡಪಾ” ಅಂದಳು. ಮುಂದಿನ ವಾರ ಗೆಳತಿಯರೆಲ್ಲ ಮನೆಗೇ ಬಂದರು. ಫ್ಯಾನ್ ಆಫ್ ಮಾಡಿ, ಕುಕ್ಕರ್ ಇಳಿಸಿ, ಮೈಕ್ ನಡುವೆ ಇಟ್ಟು ಹಾಡಿಸಿದೆ. ಚೆನ್ನಾಗಿಯೇ ಬಂತು. ಆದರೆ ರೇಡಿಯೋದಲ್ಲಿ ಬಂದದ್ದು ಅದಲ್ಲ ಅನ್ನೋದು ಅವಳಿಗೂ ಗೊತ್ತು, ನನಗೂ ಗೊತ್ತು.

ಈಗಲೂ ರಾತ್ರಿ ದೀಪ ಆರಿಸುವ ಮೊದಲು ಅವ್ವ ಕೇಳ್ತಾಳೆ: “ಮಷೀನ್ ಮಲಗೇತೇನೋ? ಮುಂಜಾನೆ ಏಳ್ತೈತಿಲ್ಲೋ ನೋಡು.” ನಾನು ಎದ್ದು ಹೋಗಿ ನೋಡ್ತೇನೆ.