ಕಾಲೇಜಿಗೆ ಹೋಗುವ ದಾರಿ

ಹುಬ್ಬಳ್ಳಿಯಿಂದ ಧಾರವಾಡದವರೆಗಿನ ಪಿ.ಬಿ. ರಸ್ತೆಯನ್ನು ಕಾಲೇಜುಗಳ ಬೀದಿ ಎಂದೇ ಕರೆಯಬಹುದು. ಜನ ಕಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು, ವಿದ್ಯಾನಗರದ ಬಿವಿಬಿ, ನವನಗರದ ಕಾನೂನು ವಿಶ್ವವಿದ್ಯಾಲಯ, ಸತ್ತೂರಿನ ಎಸ್‌ಡಿಎಂ, ಕೃಷಿ ವಿಶ್ವವಿದ್ಯಾಲಯ, ವಿದ್ಯಾಗಿರಿಯ ಕಾಲೇಜುಗಳು ಎಲ್ಲವೂ ಸುಮಾರು 22 ಕಿ.ಮೀ. ಉದ್ದದ ಈ ದಾರಿಯಲ್ಲಿ ಇಲ್ಲವೆ ಅದರ ಆಸುಪಾಸಿನಲ್ಲಿವೆ. ಬೆಳಿಗ್ಗೆ ಹುಬ್ಬಳ್ಳಿಯವರು ಧಾರವಾಡದ ಕಡೆ, ಧಾರವಾಡದವರು ಹುಬ್ಬಳ್ಳಿಯ ಕಡೆ ಹೊರಡುತ್ತಾರೆ. ಬೇರೆ ಊರುಗಳಲ್ಲಿ ಬೆಳಿಗ್ಗೆ ತುಂಬಿ ಬಂದ ಬಸ್ ಖಾಲಿಯಾಗಿ ಮರಳುವುದುಂಟು. ಇಲ್ಲಿ ಎರಡೂ ದಿಕ್ಕಿಗೆ ವಿದ್ಯಾರ್ಥಿಗಳಿದ್ದಾರೆ. ಬಸ್ಸಿಗೆ ಹೇಳಿ ಮಾಡಿಸಿದ ದಾರಿ ಇದು. ಆದರೂ ಅನೇಕ ವಿದ್ಯಾರ್ಥಿಗಳು ಸ್ವಂತ ಗಾಡಿಯನ್ನೇ ಏಕೆ ಬಯಸುತ್ತಾರೆ?

ಹದಿನೆಂಟರ ತಿರುವು

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ತುಂಬಿದವರು ಗೇರ್ ಗಾಡಿಯ ಲೈಸೆನ್ಸ್ ಪಡೆಯಬಹುದು. ಪದವಿ ತರಗತಿಗೆ ಸೇರುವ ವಯಸ್ಸೂ ಹೆಚ್ಚುಕಡಿಮೆ ಅದೇ. ಶಾಲೆಗೆ ಹೇಗೆ ಹೋಗಬೇಕೆಂದು ಮನೆಯವರು ತೀರ್ಮಾನಿಸುತ್ತಿದ್ದರು. ಕಾಲೇಜಿಗೆ ಹೇಗೆ ಹೋಗಬೇಕೆಂದು ಮೊದಲ ಸಲ ಮಕ್ಕಳೇ ಯೋಚಿಸುತ್ತಾರೆ.

ಆದರೆ ಈ ಯೋಚನೆ ಬಹಳ ದಿನ ನಡೆಯುವುದಿಲ್ಲ. ಮನೆ, ಕಾಲೇಜು, ಕೆಲಸ ಬದಲಾದಾಗ ಮಾತ್ರ ಜನ ತಮ್ಮ ಓಡಾಟದ ರೀತಿಯನ್ನು ಮತ್ತೆ ಪರಿಶೀಲಿಸುತ್ತಾರೆ, ಒಮ್ಮೆ ರೂಢಿಯಾದರೆ ಅದೇ ಮುಂದುವರಿಯುತ್ತದೆ ಎನ್ನುವುದು ಅಭ್ಯಾಸಗಳನ್ನು ಅಧ್ಯಯನ ಮಾಡುವ ಮನೋವಿಜ್ಞಾನಿಗಳ ಮಾತು. ಪ್ರವೇಶವಾದ ಮೊದಲ ತಿಂಗಳಲ್ಲಿ ಬಸ್ ಪಾಸ್ ಕೈಗೆ ಬರದೆ, ಸಾಲ ಮಾಡಿ ಸ್ಕೂಟರ್ ಕೊಂಡರೆ ಲೆಕ್ಕವೇ ಬದಲಾಗುತ್ತದೆ. ಕಂತು ಹೇಗಿದ್ದರೂ ಕಟ್ಟಲೇಬೇಕು. ಆಮೇಲೆ ಬಸ್ ಚಾರ್ಜಿನ ಪಕ್ಕದಲ್ಲಿಟ್ಟು ನೋಡುವುದು ಪೆಟ್ರೋಲಿನ ಖರ್ಚನ್ನು ಮಾತ್ರ.

ಹೊಗೆಯ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 45 ಕಿ.ಮೀ. ಓಡುವ ಸ್ಕೂಟರ್ ಕಿಲೋಮೀಟರಿಗೆ 51 ಗ್ರಾಂ ಬಿಡುತ್ತದೆ. ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕಿಲೋ. ಲೀಟರಿಗೆ 4 ಕಿ.ಮೀ. ಓಡುವ ಸಿಟಿ ಬಸ್ಸಿನಲ್ಲಿ 40 ಜನರಿದ್ದರೆ ತಲೆಗೆ ಬರುವುದು 17 ಗ್ರಾಂ. ಅದೇ ಬಸ್ಸಿನಲ್ಲಿ ಹತ್ತೇ ಜನರಿದ್ದರೆ 67.5 ಗ್ರಾಂ, ಸ್ಕೂಟರಿಗಿಂತ ಹೆಚ್ಚು! ಬಸ್ಸಿಗೆ ಒಳ್ಳೆಯ ಹೆಸರು ಬರುವುದು ಅದು ತುಂಬಿದಾಗ.

ಹಾಗಾದರೆ ಎಲ್ಲರೂ ವಿದ್ಯುತ್ ಸ್ಕೂಟರ್ ಕೊಂಡರೆ ಸಾಲದೇ? ಕಿಲೋಮೀಟರಿಗೆ 30 ವ್ಯಾಟ್-ಅವರ್ ವಿದ್ಯುತ್ ಬಳಸುವ ಸ್ಕೂಟರಿನ ಪಾಲು, ಹೆಚ್ಚಾಗಿ ಕಲ್ಲಿದ್ದಲಿನಿಂದ ಬರುವ ನಮ್ಮ ವಿದ್ಯುತ್ತಿನಲ್ಲಿ, ಸುಮಾರು 21 ಗ್ರಾಂ. ಹೊಗೆಯ ಲೆಕ್ಕದಲ್ಲಿ ಅದು ತುಂಬಿದ ಬಸ್ಸಿಗೆ ಹತ್ತಿರ ಬರುತ್ತದೆ. ಆದರೆ ರಸ್ತೆಯಲ್ಲಿ ಹಿಡಿಯುವ ಜಾಗ ಕಡಿಮೆಯಾಗುವುದಿಲ್ಲ, ಅಪಾಯವೂ ಕಡಿಮೆಯಾಗುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಮಕ್ಕಳ ಓಡಾಟದ ಬಗ್ಗೆ ಮಾತನಾಡುವಾಗ ಹೊಗೆಗಿಂತ ಮೊದಲು ನೆನಪಿಡಬೇಕಾದದ್ದು ಈ ಸಂಖ್ಯೆಯನ್ನು.

ರಸ್ತೆ ನಡುವಿನ ಚಿಗರಿ

ಬಸ್ಸಿಗೇ ಮೀಸಲಾದ ದಾರಿ ಕೊಡುವ ಬಿಆರ್‌ಟಿಎಸ್ ಕ್ರಮಕ್ಕೆ ಮಾದರಿಯಾದದ್ದು ಬ್ರೆಜಿಲ್‌ನ ಕುರಿಚಿಬಾ ನಗರದಲ್ಲಿ 1974ರಲ್ಲಿ ಆರಂಭವಾದ ವ್ಯವಸ್ಥೆ. 2009ರಲ್ಲಿ ಅಹಮದಾಬಾದಿಗೆ ಬಂತು. ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ ಬಸ್ಸುಗಳು 2018ರಲ್ಲಿ ಓಡತೊಡಗಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದವು. ಅವುಗಳ ಹೆಸರು ಚಿಗರಿ.

ಚಿಗರಿಯ ವೇಗದ ಗುಟ್ಟು ಮೂರು ಏರ್ಪಾಡುಗಳಲ್ಲಿದೆ. ರಸ್ತೆಯ ನಡುವಿನ ದಾರಿ ಬಸ್ಸಿಗೇ ಮೀಸಲು. ಟಿಕೆಟ್ಟನ್ನು ನಿಲ್ದಾಣದಲ್ಲೇ ಕೊಳ್ಳುವುದರಿಂದ ಬಸ್ಸಿನೊಳಗೆ ಆ ಗದ್ದಲವಿಲ್ಲ. ನಿಲ್ದಾಣದ ನೆಲ ಬಸ್ಸಿನ ನೆಲದ ಎತ್ತರಕ್ಕೇ ಇರುವುದರಿಂದ ಎಲ್ಲರೂ ಬೇಗ ಹತ್ತಿಳಿಯುತ್ತಾರೆ. ಒಂಬತ್ತಕ್ಕೆ ಪ್ರಾಕ್ಟಿಕಲ್ ಇರುವ ವಿದ್ಯಾರ್ಥಿಗೆ ಬೇಕಾದದ್ದು ಭರವಸೆ. ಎಷ್ಟು ಹೊತ್ತಿಗೆ ಮುಟ್ಟುತ್ತೇನೆಂದು ಗೊತ್ತಿದ್ದರೆ ಅವರು ಬಸ್ಸನ್ನು ನಂಬುತ್ತಾರೆ.

ಇಳಿದ ಮೇಲೆ?

ಕರ್ನಾಟಕ ವಿಶ್ವವಿದ್ಯಾಲಯ ಇರುವುದು ಧಾರವಾಡದ ಗುಡ್ಡದ ಮೇಲೆ, ಚಿಗರಿಯ ದಾರಿಯಿಂದ ದೂರದಲ್ಲಿ. ಹುಬ್ಬಳ್ಳಿಯಿಂದ ಬಂದವರು ಧಾರವಾಡದಲ್ಲಿ ಇಳಿದು ಇನ್ನೊಂದು ಬಸ್ ಇಲ್ಲವೆ ಆಟೋ ಹಿಡಿಯಬೇಕು. ಅಷ್ಟು ದೂರ ಆರಾಮಾಗಿ ಬಂದವರನ್ನು ಸೋಲಿಸುವುದು ಹೀಗೆ ಉಳಿಯುವ ಎರಡು-ಮೂರು ಕಿ.ಮೀ. ನೆರಳಿಲ್ಲದ ದಾರಿ, ಮುರಿದ ಫುಟ್‌ಪಾತ್, ಸಂಜೆ ಕತ್ತಲಾದ ಮೇಲೆ ದೀಪವಿಲ್ಲದ ಸ್ಟಾಪು ಬಿಸಿಲಲ್ಲಿ ನಡೆಯುವವರನ್ನೂ ಲ್ಯಾಬ್ ಮುಗಿಸಿ ತಡವಾಗಿ ಹೊರಡುವ ಹೆಣ್ಣುಮಕ್ಕಳನ್ನೂ ಗಾಡಿಯ ಕಡೆ ತಳ್ಳುತ್ತವೆ. ಈ ಕೊನೆಯ ತುಣುಕಿಗೆ ಸೈಕಲ್ ಒಳ್ಳೆಯ ಉಪಾಯ. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳನ್ನು ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದಿತ್ತು.

ಪಾಸ್ ಎಂಬ ಸವಲತ್ತು

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಚಿಂತೆ ಇಲ್ಲ. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಇದೆ. ಹಣದ ತೊಡಕು ಇಷ್ಟು ಸಡಿಲವಾಗಿರುವಾಗ ಉಳಿಯುವ ಪ್ರಶ್ನೆ: ಬಸ್ ಹೊತ್ತಿಗೆ ಬರುತ್ತದೆಯೇ, ಬಂದರೆ ಕಾಲಿಡಲು ಜಾಗವಿದೆಯೇ?

ಜರ್ಮನಿಗೆ ಓದಲು ಹೋದ ಕನ್ನಡಿಗರಿಗೆ ‘ಸೆಮಿಸ್ಟರ್ ಟಿಕೆಟ್’ ಪರಿಚಿತ. 1991ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಸೆಮಿಸ್ಟರ್ ಶುಲ್ಕದೊಂದಿಗೆ ಎಲ್ಲ ವಿದ್ಯಾರ್ಥಿಗಳೂ ಸಾರಿಗೆಯ ಪಾಲು ಕೊಡುತ್ತಾರೆ. 2024ರ ಬೇಸಿಗೆ ಸೆಮಿಸ್ಟರಿನಲ್ಲಿ ತಿಂಗಳಿಗೆ 29.40 ಯೂರೋ ದರದಲ್ಲಿ ಇಡೀ ದೇಶಕ್ಕೆ ಸಲ್ಲುವ ಟಿಕೆಟ್ ಕೂಡ ಬಂತು. ಎಲ್ಲರೂ ಕೊಡುವುದರಿಂದ ದರ ಇಳಿಯುತ್ತದೆ. ತರಗತಿ ಆರಂಭವಾಗುವಾಗಲೇ ಟಿಕೆಟ್ ಜೇಬಿನಲ್ಲಿರುವುದರಿಂದ ಬಸ್ಸೂ ರೈಲೂ ಮೊದಲ ದಿನವೇ ರೂಢಿಯಾಗುತ್ತವೆ.

ಕಾಲೇಜು ಮಾಡಬಹುದಾದದ್ದು

ಪ್ರವೇಶದ ಅರ್ಜಿಯಲ್ಲಿ ಪ್ರತಿಯೊಬ್ಬರ ಪಿನ್‌ಕೋಡ್ ಇರುತ್ತದೆ. ಎಷ್ಟು ಮಂದಿ ಯಾವ ಕಡೆಯಿಂದ ಬರುತ್ತಾರೆಂದು ಭೂಗೋಳದ ವಿದ್ಯಾರ್ಥಿಗಳೇ ನಕ್ಷೆ ಬರೆಯಬಹುದು. ಅದನ್ನು ಸಾರಿಗೆ ಸಂಸ್ಥೆಯ ಡಿಪೋಕ್ಕೆ ಒಯ್ದು ತರಗತಿಯ ವೇಳೆಗೆ ಬಸ್ ಕೇಳಬಹುದು. ಪ್ರವೇಶದ ದಿನವೇ ಕಾಲೇಜಿನಲ್ಲಿ ಪಾಸಿನ ಅರ್ಜಿ ತುಂಬಿಸಿಕೊಳ್ಳಬಹುದು. ಗಾಡಿ ನಿಲ್ಲಿಸಲು ಬಿಡುವ ಜಾಗದಲ್ಲಿ ಒಂದು ಪಾಲನ್ನು ಸೈಕಲ್ ಸ್ಟ್ಯಾಂಡಿಗೆ ಕೊಟ್ಟು ಮೇಲೆ ಸೂರು ಹಾಕಿಸಬಹುದು. ಗೇಟಿನಿಂದ ಸ್ಟಾಪಿನವರೆಗೆ ಗಿಡ ನೆಡಬಹುದು, ದೀಪ ಹಾಕಿಸಲು ಪಾಲಿಕೆಯನ್ನು ಒತ್ತಾಯಿಸಬಹುದು.

ಇವಕ್ಕೆ ಮೇಲುಸೇತುವೆಯಷ್ಟು ಹಣ ಬೇಡ. ಪರಿಸರ ಉಳಿಸಿ ಎಂದು ವಿದ್ಯಾರ್ಥಿಗೆ ಉಪದೇಶಿಸುವ ಸಂಸ್ಥೆ, ಆ ಉಪದೇಶ ಪಾಲಿಸಬಲ್ಲ ದಾರಿಯನ್ನೂ ಒದಗಿಸಬೇಕು. ಹದಿನೆಂಟರಲ್ಲಿ ಬಸ್ಸು, ಸೈಕಲ್ಲುಗಳ ಮೇಲೆ ಹುಟ್ಟಿದ ನಂಬಿಕೆ ಮುಂದೆ ನೌಕರಿಗೆ ಹೋಗುವಾಗಲೂ ಜೊತೆಗಿರುತ್ತದೆ. ಆ ನಂಬಿಕೆ ಬೆಳೆಸುವ ಅವಕಾಶ ಪ್ರತಿ ಜೂನ್‌, ಜುಲೈನಲ್ಲಿ ಹೊಸ ವಿದ್ಯಾರ್ಥಿಗಳೊಂದಿಗೆ ಕಾಲೇಜಿನ ಗೇಟಿಗೆ ಬರುತ್ತದೆ. ಅದನ್ನು ಒಂದು ವರ್ಷವೂ ಕಳೆದುಕೊಳ್ಳಬಾರದು.