ಬಂದರಗಳ ಬಾಗಿಲು ಕಾಯುವವರು ಯಾರು?

ನೌಕಾಬಲವೆಂದೊಡನೆ ನಮ್ಮ ಜನರ ಕಣ್ಣೆದುರಿಗೆ ವಿಮಾನವಾಹಕ ಹಡಗುಗಳೂ ಜಲಾಂತರ್ಗಾಮಿಗಳೂ ಬಂದು ನಿಲ್ಲುವವು. ಆದರೆ ವೈರಿಯು ಬಂದರದ ಬಾಯಿಯಲ್ಲಿ ಮೈನುಗಳೆಂಬ ಸ್ಫೋಟಕಗಳನ್ನು ನೀರೊಳಗೆ ಹುದುಗಿಸಿಟ್ಟನೆಂದರೆ ಆ ಮಹಾನೌಕೆಗಳು ಹೊರಡುವದೇ ದುಸ್ತರ. ಇದು ಬರಿಯ ಊಹೆಯಲ್ಲ. 1917ರಲ್ಲಿ ಜರ್ಮನಿಯ ‘ವೋಲ್ಫ್’ ಎಂಬ ಹಡಗು ವ್ಯಾಪಾರಿ ನೌಕೆಯ ವೇಷದಿಂದ ಬಂದು ಮುಂಬಯಿಯ ಹೊರಗಡಲಿನಲ್ಲಿ ಮೈನುಗಳನ್ನು ಬಿತ್ತಿಹೋಯಿತು. ಅದು ಹೋಗಿ ತಿಂಗಳುಗಳಾದ ಮೇಲೆ, ಅದೇ ವರ್ಷದ ಜೂನ್‌ನಲ್ಲಿ, ‘ಮಂಗೋಲಿಯಾ’ ಎಂಬ ಪ್ರಯಾಣಿಕರ ಹಡಗು ಅಂಥದೊಂದು ಮೈನಿಗೆ ತಾಗಿ ಮುಳುಗಿತು.

ಈ ಗಂಡಾಂತರವನ್ನು ನಿವಾರಿಸುವದೇ ಮೈನ್‌ಸ್ವೀಪರ್ ಹಡಗುಗಳ ಕಾರ್ಯ. ಭಾರತವು 1978ರಿಂದ 1988ರ ವರೆಗೆ ಇಂತಹ ಹನ್ನೆರಡು ಹಡಗುಗಳನ್ನು ಸೋವಿಯತ್ ದೇಶದಿಂದ ಪಡೆಯಿತು. ಮೊದಲನೆಯದು ‘ಪಾಂಡಿಚೇರಿ’, ವರ್ಗಕ್ಕೂ ಅದೇ ಹೆಸರಾಯಿತು. 1986ರಲ್ಲಿ ರೀಗಾ ಬಂದರದಲ್ಲಿ ಸೇವೆಗೆ ಸೇರಿದ ‘ಕಾರವಾರ’ವು ಅವುಗಳಲ್ಲೊಂದು. ಬೇರೊಂದು ವರ್ಗದ ಚಿಕ್ಕ ಮೈನ್‌ಸ್ವೀಪರುಗಳಲ್ಲಿ ನಮ್ಮ ಮಲ್ಪೆ, ಮುಲ್ಕಿಗಳ ಹೆಸರಿನವೂ ಇದ್ದವು.

ಸುಮಾರು 60 ಮೀಟರು ಉದ್ದದ ಪಾಂಡಿಚೇರಿ ವರ್ಗದ ಹಡಗುಗಳ ಕೆಲಸ ತಾಳ್ಮೆಯದು. ಮೈನನ್ನು ಸಮುದ್ರದ ತಳಕ್ಕೆ ಹಗ್ಗದಿಂದ ಬಿಗಿದಿದ್ದರೆ, ಹಡಗಿನ ಹಿಂದೆ ಎಳೆದೊಯ್ಯುವ ಕತ್ತರಿಗಳಿಂದ ಆ ಕಟ್ಟನ್ನು ಕಡಿದು, ಮೇಲೆ ತೇಲಿಬಂದದ್ದನ್ನು ಗುಂಡಿಟ್ಟು ಸಿಡಿಸುವದು. ಹಡಗಿನ ಅಯಸ್ಕಾಂತ ಪ್ರಭಾವಕ್ಕೆ ಸಿಡಿಯುವ ಮೈನನ್ನು ವಿದ್ಯುತ್ ಹರಿಸಿದ ತಂತಿಯಿಂದಲೂ, ಯಂತ್ರದ ಸದ್ದಿಗೆ ಸಿಡಿಯುವದನ್ನು ಕೃತಕ ಸದ್ದಿನಿಂದಲೂ ವಂಚಿಸಿ, ದೂರದಲ್ಲಿಯೇ ಸಿಡಿಯುವಂತೆ ಮಾಡುವದು. ಉಳಿದ ಕಾಲದಲ್ಲಿ ಕರಾವಳಿಯ ಪಹರೆ. ಜಲಾಂತರ್ಗಾಮಿಗಳ ಮೇಲೆ ಪ್ರಯೋಗಿಸುವ ರಾಕೆಟ್ಟುಗಳೂ ಅವುಗಳಲ್ಲಿದ್ದವು.

‘ಕಾರವಾರ’ವು 2017ರಲ್ಲಿ ನಿವೃತ್ತವಾಯಿತು, 2019ರಲ್ಲಿ ‘ಕೋಳಿಕೋಡ’ವು ಹೋದೊಡನೆ ಆ ವರ್ಗವೇ ಮುಗಿಯಿತು. ಅಷ್ಟರಲ್ಲಿ, ಗೋವೆಯಲ್ಲಿ ಹೊಸ ಹಡಗುಗಳನ್ನು ಕಟ್ಟುವದಕ್ಕಾಗಿ ದಕ್ಷಿಣ ಕೊರಿಯದ ಕಂಪನಿಯೊಡನೆ ವರ್ಷಗಟ್ಟಲೆ ನಡೆದ ಮಾತುಕತೆಯು 2018ರಲ್ಲಿಯೇ ಮುರಿದುಬಿದ್ದಿತ್ತು. ಹಳೆಯವು ಹೋದವು, ಹೊಸವು ಬರಲಿಲ್ಲ. 2025ರ ಜುಲೈಯಲ್ಲಿ ರಕ್ಷಣಾ ಖರೀದಿ ಮಂಡಲಿಯು ಮೈನು ನಿವಾರಕ ಹಡಗುಗಳ ಅವಶ್ಯಕತೆಯನ್ನು ಮನ್ನಿಸಿ ಒಪ್ಪಿಗೆಯಿತ್ತದ್ದು ಸಂತೋಷದ ಸಂಗತಿಯೇ ಸರಿ. ಆದರೆ ಒಪ್ಪಿಗೆಗೂ ಹಡಗು ನೀರಿಗಿಳಿಯುವದಕ್ಕೂ ಇರುವ ಅಂತರವನ್ನು ಈ ದೇಶವು ಒಮ್ಮೆ ಕಂಡಿದೆ.

ಕಾರವಾರದ ಬಳಿಯ ‘ಕದಂಬ’ ನೌಕಾನೆಲೆಗಾಗಿ ನಮ್ಮ ರೈತರೂ ಮೀನುಗಾರರೂ ಮನೆಮಾರುಗಳನ್ನು ಬಿಟ್ಟುಕೊಟ್ಟಿರುವರು. ಅಂತಹ ನೆಲೆಯ ಬಾಗಿಲನ್ನೇ ಕಾಯುವ ಹಡಗುಗಳಿಲ್ಲದಿದ್ದರೆ ಆ ತ್ಯಾಗಕ್ಕೆ ಬೆಲೆಯೇನು? ಹಡಗು ಕಟ್ಟಲು ವರ್ಷಗಳು ಬೇಕು. ಮೈನು ಬಿತ್ತಲು ಒಂದು ರಾತ್ರಿ ಸಾಕು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸಕ್ಕೆ ತೊಡಗುವದು ವಿವೇಕವಲ್ಲ. ಹೊಸ ಹಡಗುಗಳು ಸೇವೆಗೆ ಸೇರುವ ದಿನದ ವರೆಗೂ ಕರಾವಳಿಯ ಪ್ರತಿನಿಧಿಗಳು ಲೋಕಸಭೆಯಲ್ಲಿ ಈ ಪ್ರಶ್ನೆಯನ್ನು ಬಿಡದೆ ಎತ್ತುತ್ತಿರಬೇಕೆಂದು ನಮ್ಮ ಆಗ್ರಹ.